ಸೂರಿಲ್ಲದ ಬೋಗಿ, ಪರದೆಯಿಲ್ಲದ ಕಾರು

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದತ್ತ ಸಾಗುವ ಜೆ.ಸಿ. ರಸ್ತೆಯಲ್ಲಿ, ಕಾರಿನ ಬಿಡಿಭಾಗಗಳ ಅಂಗಡಿಗಳ ಮುಂದೆ ನಿಂತ ವಾಹನಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಅಲ್ಲಿ ಹಳೆಯ ಕಾರುಗಳು ಮಾತ್ರ ಇರುವುದಿಲ್ಲ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಹೊಚ್ಚಹೊಸ ಕಾರುಗಳೂ ಬಾಗಿಲು ತೆರೆದು ನಿಂತಿರುತ್ತವೆ. ಲಕ್ಷಾಂತರ ರೂಪಾಯಿ ತೆತ್ತು ಕೊಂಡ ವಾಹನವನ್ನು ಮನೆಗೆ ಒಯ್ದ ವಾರದೊಳಗೆ ಅದರ ಡ್ಯಾಶ್‌ಬೋರ್ಡ್ ಬಿಚ್ಚಿಸಿ, ಟಚ್‌ಸ್ಕ್ರೀನ್ ಸ್ಟೀರಿಯೊ ಕೂರಿಸಲು ಮಧ್ಯಮವರ್ಗದ ಗೃಹಸ್ಥನೊಬ್ಬ ಏಕೆ ಸಿದ್ಧನಾಗುತ್ತಾನೆ? ಷೋಕಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅರ್ಥಶಾಸ್ತ್ರ ಕೊಡುವ ಉತ್ತರ ಬೇರೆಯೇ ಇದೆ.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಜೂಲ್ ದ್ಯುಪ್ವಿ ಎಂಬ ಎಂಜಿನಿಯರ್ ಇದ್ದ. ಸೇತುವೆ, ರಸ್ತೆಗಳ ಲೆಕ್ಕ ಹಾಕುತ್ತಲೇ ಅರ್ಥಶಾಸ್ತ್ರಜ್ಞನಾದವನು. ರೈಲಿನ ಮೂರನೆಯ ದರ್ಜೆಯ ಬೋಗಿಗಳಿಗೆ ಸೂರು ಏಕಿಲ್ಲ ಎಂಬ ಪ್ರಶ್ನೆಗೆ 1849ರಲ್ಲಿ ಆತ ಕೊಟ್ಟ ವಿವರಣೆ ಇಂದಿಗೂ ಹಳತಾಗಿಲ್ಲ. ಸೂರು ಹಾಕಿಸಲು ತಗಲುವ ಕೆಲವು ಸಾವಿರ ಫ್ರಾಂಕ್‌ಗಳನ್ನು ಉಳಿಸುವುದು ರೈಲ್ವೆ ಕಂಪೆನಿಯ ಉದ್ದೇಶವಲ್ಲ. ಬಡವನನ್ನು ಮಳೆಯಲ್ಲಿ ನೆನೆಸಬೇಕೆಂಬ ದ್ವೇಷವೂ ಅದಕ್ಕಿಲ್ಲ. ಎರಡನೆಯ ದರ್ಜೆಯ ದರ ಕೊಡಬಲ್ಲವನು ಮೂರನೆಯ ದರ್ಜೆಯಲ್ಲಿ ಕುಳಿತುಬಿಡಬಾರದು, ಅಷ್ಟೆ. ಹೆದರಿಸಬೇಕಾದದ್ದು ಉಳ್ಳವನನ್ನು, ನೆನೆಯುವವನು ಇಲ್ಲದವನು.

ನಮ್ಮ ಕಾರುಗಳ ದರಪಟ್ಟಿಯನ್ನು ಈ ದೃಷ್ಟಿಯಿಂದ ಓದಿದರೆ ಹಲವು ಒಗಟುಗಳು ಬಿಡಿಸಿಕೊಳ್ಳುತ್ತವೆ. ಒಂದೇ ಎಂಜಿನ್, ಒಂದೇ ಕವಚ, ಒಂದೇ ಕಾರ್ಖಾನೆ. ಆದರೆ ಹೆಸರಿನ ಮುಂದಿನ ಇಂಗ್ಲಿಷ್ ಅಕ್ಷರಗಳು ಬದಲಾದಂತೆ ಬೆಲೆ ಏರುತ್ತ ಹೋಗುತ್ತದೆ. ಕೆಳಗಿನ ಮಾದರಿಯಲ್ಲಿ ಸ್ಟೀರಿಯೊ ಇರಬೇಕಾದ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳ ಬಡಿದಿರುತ್ತದೆ. ಒಳಗೆ ಕೈಯಿಟ್ಟು ನೋಡಿದರೆ ಎಷ್ಟೋ ಕಾರುಗಳಲ್ಲಿ ಸ್ಪೀಕರಿನ ತಂತಿಗಳೂ ಕಪ್ಲರೂ ಸಿದ್ಧವಾಗಿಯೇ ಇರುತ್ತವೆ. ಪರದೆಯೊಂದೇ ಬೇಕೆಂದು ಕೇಳಿದರೆ ಸಿಗದು. ಅದರ ಜೊತೆಗೆ ಅಲಾಯ್ ಚಕ್ರ, ಬಣ್ಣದ ಪಟ್ಟಿ, ಕೀಲಿಯಿಲ್ಲದ ಬಾಗಿಲು ಎಲ್ಲವನ್ನೂ ಕಟ್ಟಿ ಒಂದೇ ಗಂಟಾಗಿ ಮಾರಲಾಗುತ್ತದೆ. ಆ ಗಂಟಿನ ಬೆಲೆ ಲಕ್ಷ ರೂಪಾಯಿ ದಾಟುವುದು ಅಪರೂಪವಲ್ಲ. ಜೆ.ಸಿ. ರಸ್ತೆಗೆ ಬರುವ ಗೃಹಸ್ಥ ಮಾಡುತ್ತಿರುವುದು ಇಷ್ಟೆ: ತನ್ನ ಬೋಗಿಗೆ ತಾನೇ ಸೂರು ಹಾಕಿಸಿಕೊಳ್ಳುತ್ತಿದ್ದಾನೆ.

ಪರದೆ ಎಂದರೆ ಹಾಡು ಮಾತ್ರವಾಗಿದ್ದರೆ ಈ ಚರ್ಚೆಗೆ ಇಷ್ಟು ಜಾಗ ಬೇಕಿರಲಿಲ್ಲ. ಆದರೆ ಹಿಂಬದಿಯ ಕ್ಯಾಮೆರಾದ ಚಿತ್ರ ಮೂಡುವುದೂ ಅದರಲ್ಲೇ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಎಲ್ಲ ಹೊಸ ಕಾರುಗಳಿಗೂ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು. ಹಿಂದಕ್ಕೆ ಬರುವ ಕಾರಿಗೆ ಸಿಕ್ಕಿ ಪುಟ್ಟ ಮಕ್ಕಳು ಸಾಯುತ್ತಿದ್ದುದೇ ಆ ಕಾಯಿದೆಗೆ ಪ್ರೇರಣೆ. ನಮ್ಮಲ್ಲಿ 2019ರ ಜುಲೈನಿಂದ ಸದ್ದು ಮಾಡುವ ಸಂವೇದಕ ಕಡ್ಡಾಯವಾಯಿತೇ ಹೊರತು ಕ್ಯಾಮೆರಾ ಅಲ್ಲ. ಚಾಲಕನ ಏರ್‌ಬ್ಯಾಗ್ ಕೂಡ ಅದೇ ತಿಂಗಳವರೆಗೆ ಕಡ್ಡಾಯವಾಗಿರಲಿಲ್ಲ. ಎಷ್ಟೋ ಕಾರುಗಳಲ್ಲಿ ಅದೂ ಮೇಲ್ದರ್ಜೆಯ ಗಂಟಿನೊಳಗಿನ ಸರಕಾಗಿತ್ತು ಎಂಬುದನ್ನು ನಾವು ಬಹಳ ಬೇಗ ಮರೆತಿದ್ದೇವೆ. ಅರವತ್ತು ದಾಟಿದ, ಕುತ್ತಿಗೆ ಪೂರ್ತಿ ತಿರುಗದ ನನ್ನಂಥವರಿಗೆ ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಆ ಪರದೆ ವಿಲಾಸವಲ್ಲ.

ನಾನು ಕೊಂಡ ಕಾರಿಗೆ ಪರದೆ ಹಾಕಿಸುವ ವಿಚಾರ ಎತ್ತಿದಾಗ ಮಾರಾಟ ಮಳಿಗೆಯ ಯುವಕ ಬಹು ವಿನಯದಿಂದಲೇ ಎಚ್ಚರಿಸಿದ: "ಹೊರಗಡೆ ಹಾಕಿಸಿದ್ರೆ ವಾರಂಟಿ ಹೋಗುತ್ತೆ ಸಾರ್. ನಮ್ಮಲ್ಲೇ ಹಾಕಿಸ್ಕೊಳಿ." ಯಾವ ವಾರಂಟಿ, ಎಷ್ಟು ಭಾಗ, ಯಾವ ನಿಯಮದಡಿ ಎಂದು ಕೇಳಿದೆ. ಬರವಣಿಗೆಯಲ್ಲಿ ಕೊಡಿ ಎಂದಾಗ ಮಾತ್ರ ಆತ ಮ್ಯಾನೇಜರನ್ನು ಕರೆದ. ಮ್ಯಾನೇಜರು ಕಾಫಿ ತರಿಸಿದರು, ಪತ್ರ ಕೊಡಲಿಲ್ಲ. ಬದುಕಿನ ಬಹುಭಾಗವನ್ನು ಕಡತಗಳ ನಡುವೆ ಕಳೆದವನಿಗೆ ಬಾಯಿಮಾತಿನ ನಿಯಮದಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಮಳಿಗೆಯವರು ಕೊಡುವ ಸ್ಟೀರಿಯೊ ಸಹ ಅನೇಕ ವೇಳೆ ಹೊರಗಿನ ತಯಾರಕನದೇ ಆಗಿರುತ್ತದೆ. ವ್ಯತ್ಯಾಸವಿರುವುದು ರಸೀತಿಯ ಮೊತ್ತದಲ್ಲಿ.

ಈ ವಿಷಯದಲ್ಲಿ ಕಾನೂನು ಮೌನವಾಗಿಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪೆನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಬಿಡಿಭಾಗಗಳೂ ದುರಸ್ತಿಯ ಮಾಹಿತಿಯೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಆರೋಪದ ತಿರುಳು. ಹೊರಗಿನವರಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಸಾರಾಸಗಟು ಷರತ್ತನ್ನು ಹಾಕಕೂಡದು, ಹೊರಗಿನವರ ಕೆಟ್ಟ ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂಬುದು ಆ ಆದೇಶದ ಮುಖ್ಯ ನಿರ್ದೇಶನಗಳಲ್ಲೊಂದು. ಕಂಪೆನಿಗಳು ಮೇಲ್ಮನವಿ, ರಿಟ್ ಅರ್ಜಿಗಳ ಹಾದಿ ಹಿಡಿದವು. 2016ರ ಡಿಸೆಂಬರಿನಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿಯು ಮೂರು ಕಂಪೆನಿಗಳ ತಪ್ಪನ್ನು ಎತ್ತಿಹಿಡಿದರೂ ದಂಡದ ಹೊರೆಯನ್ನು ಇಳಿಸಿತು. ಆ ಆದೇಶ ದುರಸ್ತಿಗೆ ಸಂಬಂಧಿಸಿದ್ದು, ಸ್ಟೀರಿಯೊಗೆ ಅಲ್ಲ ಎಂದು ವಕೀಲರು ವಾದಿಸಬಹುದು. ಆದರೆ ತತ್ವ ಒಂದೇ. ಸ್ಟೀರಿಯೊ ಬದಲಿಸಿದ ಕಾರಿನ ಗೇರ್‌ಬಾಕ್ಸ್ ಕೆಟ್ಟರೆ ಅದಕ್ಕೂ ಇದಕ್ಕೂ ಸಂಬಂಧ ತೋರಿಸುವ ಹೊಣೆ ಕಂಪೆನಿಯದಾಗಬೇಕು. ಅಮೆರಿಕದ 1975ರ ವಾರಂಟಿ ಕಾಯಿದೆಯ ಆಶಯವೂ ಹೆಚ್ಚುಕಡಿಮೆ ಇದೇ.

ಇಷ್ಟು ಹೇಳಿದ ಮೇಲೆ ಜೆ.ಸಿ. ರಸ್ತೆಯನ್ನು ಸ್ವರ್ಗವೆಂದು ವರ್ಣಿಸುವ ಇರಾದೆ ನನಗಿಲ್ಲ. ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ, ಮುಂದೆ 2001ರ ನೊಬೆಲ್ ಬಹುಮಾನಕ್ಕೆ ಕಾರಣವಾದ ಪ್ರಬಂಧ ಹಳೆಯ ಕಾರುಗಳ ಸಂತೆಯನ್ನು ಕುರಿತದ್ದು. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಕಳಪೆ ಮಾಲು ಒಳ್ಳೆಯ ಮಾಲನ್ನು ಸಂತೆಯಿಂದಲೇ ಓಡಿಸುತ್ತದೆ ಎಂಬುದು ಅದರ ಸಾರ. ಆಂಡ್ರಾಯ್ಡ್ ಸ್ಟೀರಿಯೊಗಳ ಮಾರುಕಟ್ಟೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. ಹೆಸರಿಲ್ಲದ ಪೆಟ್ಟಿಗೆಯ ಮೇಲೆ ದೊಡ್ಡ ಮೆಮೊರಿ, ಇತ್ತೀಚಿನ ಆವೃತ್ತಿ ಎಂದೆಲ್ಲ ಮುದ್ರಿಸಿರುತ್ತಾರೆ. ಪರದೆಯ ಸೆಟ್ಟಿಂಗ್ಸ್ ತೆರೆದು ನೋಡಿದರೂ ಅದೇ ಅಂಕಿ ಕಾಣಿಸುತ್ತದೆ. ಆದರೆ ತಂತ್ರಾಂಶವನ್ನೇ ತಿದ್ದಿ ಸುಳ್ಳು ಅಂಕಿ ತೋರಿಸುವ ಸಾಧನಗಳು ಈ ವ್ಯಾಪಾರದಲ್ಲಿ ಹೊಸತೇನಲ್ಲ. ಐವತ್ತು ವ್ಯಾಟಿನ ನಾಲ್ಕು ಚಾನೆಲ್ ಎಂಬ ಘೋಷಣೆಯೂ ಹಾಗೆಯೇ. ಕಾರಿನ 14 ವೋಲ್ಟ್ ಆಸುಪಾಸಿನ ವಿದ್ಯುತ್ತಿನಿಂದ, ಸಾಮಾನ್ಯ ನಾಲ್ಕು ಓಮ್ ಸ್ಪೀಕರಿಗೆ, ಒಳಗಿನ ಆಂಪ್ಲಿಫೈಯರು ಸತತವಾಗಿ, ಸ್ವಚ್ಛವಾಗಿ ಕೊಡಬಲ್ಲದ್ದು 20 ವ್ಯಾಟಿನ ಅಕ್ಕಪಕ್ಕ ಮಾತ್ರ. ಉಳಿದದ್ದು ಪೆಟ್ಟಿಗೆಯ ಮೇಲಿನ ಸಾಹಿತ್ಯ.

ಆದ್ದರಿಂದ ಕೊಳ್ಳುವವನು ಅಂಕಿಗಳ ಬೆನ್ನು ಹತ್ತುವುದಕ್ಕಿಂತ ತನ್ನ ಕಣ್ಣು, ಕಿವಿ, ಬೆರಳುಗಳನ್ನು ನಂಬುವುದು ಲೇಸು. ಅಂಗಡಿಯ ನೆರಳಿನಲ್ಲಿ ಎಲ್ಲ ಪರದೆಗಳೂ ಹೊಳೆಯುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ, ಚಾಲಕನ ಓರೆ ಕೋನದಿಂದ ಕಾಣುತ್ತದೆಯೇ ಎಂದು ಹೊರಗೆ ತಂದು ನೋಡಬೇಕು. ಇಗ್ನಿಷನ್ ತಿರುಗಿಸಿದ ಎಷ್ಟು ಸೆಕೆಂಡಿಗೆ ಅದು ಏಳುತ್ತದೆ, ರಿವರ್ಸ್ ಗೇರ್ ಹಾಕಿದೊಡನೆ ಕ್ಯಾಮೆರಾ ಚಿತ್ರ ಬರುತ್ತದೆಯೇ, ಬಿಸಿಯಾದ ಕಾರಿನಲ್ಲಿ ಅರ್ಧ ಗಂಟೆ ಕಳೆದರೆ ತಡವರಿಸುತ್ತದೆಯೇ? ಧ್ವನಿ ನಿಯಂತ್ರಣಕ್ಕೆ ತಿರುಗಿಸುವ ಗುಂಡಿಯಿದ್ದರೆ ಉತ್ತಮ. ಮೊಬೈಲಿನ ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಚೆನ್ನಾಗಿ ನಡೆದರೆ ಪೆಟ್ಟಿಗೆಯೊಳಗಿನ ಮೆಮೊರಿ ಎಷ್ಟು ಎಂಬುದು ಬಹುಮಟ್ಟಿಗೆ ಅಪ್ರಸ್ತುತ. ನಕ್ಷೆ, ಸಂಗೀತ ಎಲ್ಲವನ್ನೂ ನಡೆಸುವುದು ಜೇಬಿನಲ್ಲಿರುವ ಫೋನು. ಅಂಗಡಿಯವನು ಈ ಮಾತನ್ನು ತಾನಾಗಿ ಹೇಳಲಾರ, ಏಕೆಂದರೆ ದುಬಾರಿ ಪೆಟ್ಟಿಗೆ ಮಾರಾಟವಾಗುವುದೇ ಮೆಮೊರಿಯ ಹೆಸರಿನಲ್ಲಿ. ಇನ್ನು ಗಾತ್ರದ ವಿಷಯ. 180 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಎತ್ತರದ, ವ್ಯಾಪಾರದ ಭಾಷೆಯಲ್ಲಿ ಡಬಲ್ ಡಿನ್ ಎನ್ನುವ ಅಳತೆ ಜರ್ಮನಿಯ ಮಾನಕದಿಂದ ಬಂದದ್ದು. ಆ ಕಿಂಡಿಯಿರುವ ಕಾರಿಗೆ ಸುಪ್ರಸಿದ್ಧ ತಯಾರಕರ ಪೆಟ್ಟಿಗೆಗಳೂ ನೇರವಾಗಿ ಕೂರುತ್ತವೆ. ಒಂಬತ್ತು, ಹತ್ತು ಇಂಚಿನ ಪರದೆಗೆ ಆ ಕಾರಿಗೆಂದೇ ಮಾಡಿದ ಫ್ರೇಮ್ ಬೇಕು. ಫ್ರೇಮ್ ಸಡಿಲವಾದರೆ ಗುಂಡಿ ಬಿದ್ದ ರಸ್ತೆಯಲ್ಲಿ ಅದರ ಕಟಕಟ ಸದ್ದು ಸಂಗೀತವನ್ನು ಮೀರಿಸುತ್ತದೆ. ಬೆಂಗಳೂರಿನ ರಸ್ತೆಗಳ ಬಗ್ಗೆ ಬೇರೆ ಹೇಳಬೇಕಿಲ್ಲ.

ಪೆಟ್ಟಿಗೆಗಿಂತ ಜೋಡಣೆಯೇ ಮುಖ್ಯ. ಜೋಡಿಸುವವನಿಗೆ ಹೇಳಬೇಕಾದದ್ದು ಒಂದೇ ಮಾತು: ತಂತಿ ಕತ್ತರಿಸಬೇಡ. ಕಾರಿನ ಮೂಲ ಸಾಕೆಟ್ಟಿಗೆ ಸರಿಹೊಂದುವ ಕಪ್ಲರ್ ಪ್ರತಿ ಜನಪ್ರಿಯ ಕಾರಿಗೂ ಸಿಗುತ್ತದೆ, ಪೆಟ್ಟಿಗೆಯ ಬೆಲೆಯ ಮುಂದೆ ಅದರ ಬೆಲೆ ಏನೇನೂ ಅಲ್ಲ. ಆದರೂ ಸಮಯ ಉಳಿಸಲು ಮೂಲ ತಂತಿಯನ್ನು ಕತ್ತರಿಸಿ, ಹೊಸೆದು, ಟೇಪು ಸುತ್ತುವ ಚಾಳಿ ಹೋಗಿಲ್ಲ. ವಾರಂಟಿ ನಿರಾಕರಿಸಲು ಕಂಪೆನಿಗೆ ನಿಜವಾದ ನೆಪ ಸಿಗುವುದು ಇಲ್ಲಿಯೇ. ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯವೂ ಇಲ್ಲಿಯೇ. ಹಳದಿ ಹೊದಿಕೆಯ ಏರ್‌ಬ್ಯಾಗ್ ತಂತಿಗಳ ತಂಟೆಗೆ ಯಾರೂ ಹೋಗಕೂಡದು. ನಿರಂತರ ವಿದ್ಯುತ್ತಿನ ತಂತಿಯನ್ನೂ ಇಗ್ನಿಷನ್ ತಂತಿಯನ್ನೂ ಒಂದಾಗಿಸಿಬಿಟ್ಟರೆ ಕಾರು ನಿಂತ ಮೇಲೂ ಸ್ಟೀರಿಯೊ ನಿದ್ರಿಸದೆ ಬ್ಯಾಟರಿಯನ್ನು ಹೀರುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ಕಾರು ಸ್ಟಾರ್ಟ್ ಆಗದು. ಹೊಸ ಸ್ಟೀರಿಯೊ ಹಾಕಿಸಿದ ಮೇಲೆ 102.9ರ ವಿವಿಧ ಭಾರತಿ ಗೊರಗೊರ ಎನ್ನುತ್ತಿದೆ ಎಂದು ದೂರುವವರು ಅನೇಕರು. ಆಂಟೆನಾದೊಳಗಿನ ಪುಟ್ಟ ಆಂಪ್ಲಿಫೈಯರಿಗೆ ವಿದ್ಯುತ್ ಕೊಡುವ ನೀಲಿ ತಂತಿಯನ್ನು ಜೋಡಿಸದೆ ಬಿಟ್ಟಿರುವುದು ಅದಕ್ಕೆ ಸಾಮಾನ್ಯ ಕಾರಣ. ಹಣ ಕೊಡುವ ಮೊದಲು ರೇಡಿಯೊ ಹಾಕಿ ಕೇಳಿದರೆ ಸಾಕು.

ವಿಮೆಯನ್ನು ಬಹುತೇಕರು ಮರೆಯುತ್ತಾರೆ. ಕಾರಿನೊಡನೆ ಬಾರದ ವಿದ್ಯುತ್ ಉಪಕರಣಗಳನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. 2002ರ ಮೋಟಾರು ದರಪಟ್ಟಿಯ 24ನೆಯ ಅನುಬಂಧ ಇದಕ್ಕೆ ಉಪಕರಣದ ಮೌಲ್ಯದ ಶೇ 4ರಷ್ಟು ಕಂತು ಗೊತ್ತುಪಡಿಸಿತ್ತು. ಆ ಲೆಕ್ಕದಲ್ಲಿ 20 ಸಾವಿರದ ಸ್ಟೀರಿಯೊಗೆ ವರ್ಷಕ್ಕೆ 800 ರೂಪಾಯಿ. ನಮೂದಿಸದಿದ್ದರೆ ಕಳವಾದಾಗ ಬಿಡಿಗಾಸೂ ಬಾರದು. ನಮೂದಿಸಲು ಬಿಲ್ಲು ಬೇಕು. ಬಿಲ್ಲು ಕೇಳಿದರೆ ಜಿಎಸ್‌ಟಿ ಸೇರುತ್ತದೆ ಎಂದು ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಬಿಲ್ಲಿಲ್ಲದೆ ಉಳಿಸಿದ ಹಣ ಉಳಿತಾಯವಲ್ಲ. ವಾರಂಟಿಯನ್ನೂ ವಿಮೆಯನ್ನೂ ಗ್ರಾಹಕ ನ್ಯಾಯಾಲಯದ ಬಾಗಿಲನ್ನೂ ಅಷ್ಟು ಅಗ್ಗಕ್ಕೆ ಮಾರಿಕೊಂಡಂತೆ.

ಪರದೆಯ ವಿರುದ್ಧ ಹೇಳಬೇಕಾದ ಮಾತೂ ಒಂದಿದೆ, ಅದನ್ನು ನುಂಗಿಕೊಳ್ಳುವುದು ಪ್ರಾಮಾಣಿಕತೆಯಲ್ಲ. ಸ್ವೀಡನ್ನಿನ 'ವಿ ಬಿಲಾಗಾರೆ' ಎಂಬ ಮೋಟಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ನಡೆಸಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತ, ರೇಡಿಯೊ ಕೇಂದ್ರ ಬದಲಿಸುವಂಥ ಕೆಲವು ಸರಳ ಕೆಲಸಗಳನ್ನು ಚಾಲಕ ಮಾಡಬೇಕು. ಗುಂಡಿಗಳಿದ್ದ 2005ರ ಹಳೆಯ ವೋಲ್ವೊದಲ್ಲಿ ಅಷ್ಟೂ ಮುಗಿಯುವುದರೊಳಗೆ ಕಾರು ಸಾಗಿದ್ದು 306 ಮೀಟರ್. ಪರದೆಯ ಆಧುನಿಕ ಕಾರೊಂದರಲ್ಲಿ 1,372 ಮೀಟರ್. ಯೂರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯೂರೋ ಎನ್‌ಕ್ಯಾಪ್ ಇದೇ ಕಾರಣಕ್ಕೆ, ಇಂಡಿಕೇಟರ್, ವೈಪರ್, ಹಾರ್ನ್ ಮೊದಲಾದ ಮೂಲಭೂತ ಕೆಲಸಗಳಿಗೆ ಕೈಗೆ ತಗಲುವ ಗುಂಡಿ, ಸನ್ನೆಗಳೇ ಇರಬೇಕೆಂದು 2026ರಿಂದ ತನ್ನ ಮೌಲ್ಯಮಾಪನದಲ್ಲಿ ಒತ್ತಾಯಿಸುತ್ತಿದೆ. ನಮ್ಮಲ್ಲಿ 2019ರ ತಿದ್ದುಪಡಿ ಚಾಲನೆಯ ವೇಳೆ ಕೈಯಲ್ಲಿ ಹಿಡಿವ ಸಾಧನ ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿತು. 2020ರ ಅಕ್ಟೋಬರಿನಿಂದ ದಾರಿ ನೋಡಲು ಮಾತ್ರ ರಿಯಾಯಿತಿ ಬಂತು. ಡ್ಯಾಶ್‌ಬೋರ್ಡಿಗೆ ಅಂಟಿದ ಪರದೆಯಾದರೋ 'ಕೈಯಲ್ಲಿ ಹಿಡಿವ' ಎಂಬ ಪದಕ್ಕೆ ಸುಲಭವಾಗಿ ಸಿಗುವಂಥದಲ್ಲ.

ಇಲ್ಲಿ ಓದುಗರು ತಿಳಿಯಬೇಕಾದ ಒಂದು ಸಣ್ಣ ತಂತಿಯ ಕತೆಯಿದೆ. ಒಳ್ಳೆಯ ತಯಾರಕರ ಸ್ಟೀರಿಯೊಗಳಲ್ಲಿ ಹ್ಯಾಂಡ್‌ಬ್ರೇಕಿಗೆ ಜೋಡಿಸಲೆಂದೇ ಒಂದು ತಂತಿ ಇರುತ್ತದೆ. ಬ್ರೇಕು ಎಳೆದು ಕಾರು ನಿಂತಿದ್ದರೆ ಮಾತ್ರ ವಿಡಿಯೊ ಕಾಣಬೇಕು ಎಂಬುದು ಅದರ ಉದ್ದೇಶ. ಜೋಡಿಸುವ ಹುಡುಗರು ಅದನ್ನು ಬ್ರೇಕಿನವರೆಗೆ ಎಳೆಯುವ ಗೋಜಿಗೆ ಹೋಗದೆ, ಕಾರಿನ ಲೋಹದ ಚೌಕಟ್ಟಿಗೆ ಸಿಕ್ಕಿಸಿಬಿಡುತ್ತಾರೆ. ಬ್ರೇಕು ಸದಾ ಎಳೆದೇ ಇದೆಯೆಂದು ಪೆಟ್ಟಿಗೆ ನಂಬುತ್ತದೆ. ಮೈಸೂರು ಹೆದ್ದಾರಿಯಲ್ಲಿ ಸಿನಿಮಾ ಓಡುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಕಣ್ಣು ಕದಲಿಸಿದರೆ ಕಾರು 33 ಮೀಟರ್ ಕುರುಡಾಗಿ ಸಾಗಿರುತ್ತದೆ. ಗಿರಾಕಿಗಳೇ ಕೇಳಿ ಮಾಡಿಸಿಕೊಳ್ಳುತ್ತಾರೆ ಎಂಬುದು ಅಂಗಡಿಯವರ ಸಮಜಾಯಿಷಿ. ಅದು ಸುಳ್ಳೇನಲ್ಲ. ಕಂಪೆನಿಗಳ ದರಪಟ್ಟಿಯನ್ನು ನೋಡಿ ಸಿಡಿಮಿಡಿಗೊಳ್ಳುವ ನಾವು, ಈ ತಂತಿಯ ವಿಷಯದಲ್ಲಿ ಸುಮ್ಮನಿರುತ್ತೇವೆ.

ಸರ್ಕಾರ ಮಾಡಬಹುದಾದದ್ದು ಹೆಚ್ಚು ಖರ್ಚಿನ ಕೆಲಸವಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಅದರ ವ್ಯಾಪ್ತಿಯಲ್ಲಿ ಮೋಟಾರು ವಾಹನಗಳೂ ಇವೆ. ಯಾವ ಬದಲಾವಣೆಗೆ ವಾರಂಟಿಯ ಯಾವ ಭಾಗ ಬಾಧಿತವಾಗುತ್ತದೆ ಎಂಬುದನ್ನು ಕನ್ನಡದಲ್ಲಿ, ಒಂದು ಪುಟದಲ್ಲಿ, ಮಾರಾಟಕ್ಕೆ ಮೊದಲೇ ಕೊಡಬೇಕೆಂದು ಕಡ್ಡಾಯ ಮಾಡುವುದು ಆ ಚೌಕಟ್ಟಿನೊಳಗೆ ಸಾಧ್ಯ. ಜೋಡಿಸುವ ಹುಡುಗರಿಗೆ ವಾರದ ತರಬೇತಿ, ಪ್ರಮಾಣಪತ್ರ. ಪೆಟ್ಟಿಗೆಯ ಮೇಲೆ ಸತತ ವ್ಯಾಟಿನ ಅಂಕಿ. ಹ್ಯಾಂಡ್‌ಬ್ರೇಕ್ ತಂತಿಯನ್ನು ನಿಷ್ಕ್ರಿಯಗೊಳಿಸಿದ ಅಂಗಡಿಗೆ ದಂಡ. ಇವೆಲ್ಲ ಆಗುವವರೆಗೆ, ವಾರಂಟಿ ಹೋಗುತ್ತದೆ ಎಂದು ಮಳಿಗೆಯಲ್ಲಿ ಯಾರಾದರೂ ಹೆದರಿಸಿದರೆ, ಆ ವಾಕ್ಯವನ್ನು ಮುದ್ರಿತ ಪುಸ್ತಿಕೆಯಲ್ಲಿ ಬೆರಳಿಟ್ಟು ತೋರಿಸುವಂತೆ ಕೇಳಬೇಕು. ತೋರಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.