ಕಪಾಟು ಸೇರಿದ ಆಟ ಆಟವಲ್ಲ

ಪುಸ್ತಕ ಕೊಂಡು ಸಾಲಾಗಿ ಜೋಡಿಸಿಟ್ಟವರು ಆಟಗಾರರಲ್ಲ, ಗಿರಾಕಿಗಳು. ಮಾತು ಒರಟು ಎನ್ನಿಸಿದರೆ ಎನ್ನಿಸಲಿ. ರೋಲ್‌ಪ್ಲೇಯಿಂಗ್ ಆಟವನ್ನು ಯೂಟ್ಯೂಬಿನಲ್ಲಿ ನೋಡಿದವರು ಮೊದಲು ಕೇಳುವುದೇ ‘ಯಾವ ಪುಸ್ತಕ ತರಿಸಬೇಕು, ಎಷ್ಟು ಖರ್ಚಾಗುತ್ತದೆ’ ಎಂದು. ಆ ಪ್ರಶ್ನೆಯೇ ತಪ್ಪು ಎನ್ನುವುದು ನಮ್ಮ ವಾದ.

ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಕಂಪ್ಯೂಟರ್ ಬೇಡ, ನೆಟ್‌ವರ್ಕ್ ಬೇಡ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ. ‘ಹೊಳೆ ತುಂಬಿದೆ, ದೋಣಿ ಆಚೆ ದಡದಲ್ಲಿದೆ, ಏನು ಮಾಡ್ತೀರಿ?’ ಎಂದು ನಡೆಸುವವರು ಕೇಳುತ್ತಾರೆ. ‘ಈಜ್ತೀನಿ’ ಎಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಸಂಖ್ಯೆಗೆ ಪಾತ್ರದ ಶಕ್ತಿಯ ಅಂಕ ಕೂಡಿಸಿ, ಗೊತ್ತು ಮಾಡಿದ ಅಂಕ ಮುಟ್ಟಿದರೆ ದಡ, ಇಲ್ಲವಾದರೆ ಸೆಳವು. ಮುಂದೇನು ಎಂದು ನಡೆಸುವವರಿಗೂ ಪೂರ್ತಿ ಗೊತ್ತಿರುವುದಿಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕೂತಲ್ಲೇ ಮಾತು ಬೆಳೆಸುವುದನ್ನು ಕಂಡವರಿಗೆ ಇದರ ರುಚಿ ಬೇಗ ಹತ್ತುತ್ತದೆ.

ಈ ಬಗೆಯ ಆಟಗಳಲ್ಲಿ ಮೊದಲು ಮಾರಾಟಕ್ಕೆ ಬಂದು ಹೆಸರು ಮಾಡಿದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಮೊದಲು ಅಚ್ಚಾದದ್ದು 1000 ಪೆಟ್ಟಿಗೆ. ಒಳಗೆ ಮೂರು ತೆಳು ಪುಸ್ತಿಕೆ, ಬೆಲೆ 10 ಡಾಲರ್. ನಿಯಮಗಳಲ್ಲಿ ಬೇಕಾದಷ್ಟು ಬಿಟ್ಟ ಜಾಗಗಳಿದ್ದವು. ಆಡಿದವರು ತಮ್ಮ ತಮ್ಮ ಬುದ್ಧಿಯಿಂದ ಅವನ್ನು ತುಂಬಿಕೊಂಡರು. ಆಟ ಬೆಳೆದದ್ದೇ ಹಾಗೆ. ಇವತ್ತು ಅದೇ ಪೆಟ್ಟಿಗೆ ಸಂಗ್ರಹಕಾರರ ನಡುವೆ ಸಾವಿರಾರು ಡಾಲರಿಗೆ ಕೈ ಬದಲಾಗುತ್ತದೆ. ಅಷ್ಟು ಕೊಟ್ಟು ತಂದದ್ದನ್ನು ಮುಟ್ಟಲೂ ಹೆದರಿಕೆ, ಇನ್ನು ಆಡುವುದೆಲ್ಲಿ?

ಇದರ ಲಾಭ ಯಾರಿಗೆ ಎಂದು ಕೇಳಲೇಬೇಕು. ಆಟ ಈಗ ಹ್ಯಾಸ್ಬ್ರೋ ಸಮೂಹದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯದು. 2014ರ ಆವೃತ್ತಿಯ ಮೂರು ಮುಖ್ಯ ಪುಸ್ತಕಗಳ ಮುದ್ರಿತ ಬೆಲೆ ತಲಾ 49.95 ಡಾಲರ್. ಮೂರೂ ಸೇರಿದರೆ ಸುಮಾರು 150. 2022ರ ಡಿಸೆಂಬರ್‌ನಲ್ಲಿ ಕಂಪನಿಯ ಮುಖ್ಯಸ್ಥರು ಹೂಡಿಕೆದಾರರ ಮುಂದೆ ಎರಡು ಮಾತು ಹೇಳಿದರು: ಈ ಆಟದಿಂದ ಸಿಗಬೇಕಾದಷ್ಟು ಹಣ ಇನ್ನೂ ಸಿಗುತ್ತಿಲ್ಲ, ಆಟ ನಡೆಸುವವರು ಒಟ್ಟು ಬಳಗದಲ್ಲಿ ಶೇ. 20ರಷ್ಟಿದ್ದರೂ ದುಡ್ಡು ಕೊಡುವವರಲ್ಲಿ ಅವರದೇ ದೊಡ್ಡ ಪಾಲು. ಅಂದರೆ ಕಥೆ ಹೊಸೆಯುವವರು, ಐದು ಜನರನ್ನು ಒಂದೆಡೆ ಸೇರಿಸುವವರು, ಮಾತಾಡಲು ನಾಚುವವರಿಂದಲೂ ಮಾತಾಡಿಸುವವರು ಯಾರೋ, ಜೇಬು ಖಾಲಿ ಮಾಡಿಕೊಳ್ಳುವವರೂ ಅವರೇ. ಪುಕ್ಕಟೆ ದುಡಿಯುವವರಿಂದಲೇ ವಸೂಲಿ!

ಮರು ತಿಂಗಳೇ ಬಣ್ಣ ಬಯಲಾಯಿತು. ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಹೊಸ ಕಥೆ, ಹೊಸ ಆಟ ಬರೆದು ಮಾರಲು 2000ದಿಂದ ಒಂದು ಮುಕ್ತ ಪರವಾನಗಿ ಇತ್ತು. ಅದನ್ನು ರದ್ದು ಮಾಡಿ, ವರ್ಷಕ್ಕೆ 7.5 ಲಕ್ಷ ಡಾಲರ್ ಮೀರಿದ ಆದಾಯದಲ್ಲಿ ಶೇ. 25ರವರೆಗೆ ಪಾಲು ಕೇಳುವ ಕರಡು 2023ರ ಜನವರಿಯಲ್ಲಿ ಸೋರಿಕೆಯಾಯಿತು. ಆಡುವವರು ಸಿಡಿದೆದ್ದರು. ಕಂಪನಿಯ ಆನ್‌ಲೈನ್ ಚಂದಾ ರದ್ದು ಮಾಡಿದರು. ಜನವರಿ 27ರಂದು ಕಂಪನಿ ಹಿಂದೆ ಸರಿಯಿತು. ಅಷ್ಟೇ ಅಲ್ಲ, 400ಕ್ಕೂ ಹೆಚ್ಚು ಪುಟಗಳ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಒಮ್ಮೆ ಹಾಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು. ಗೆಲುವು ತಂದದ್ದು ಕಪಾಟಿನಲ್ಲಿದ್ದ ಪುಸ್ತಕಗಳಲ್ಲ, ಒಟ್ಟಿಗೆ ಕೂತು ಆಡುತ್ತಿದ್ದ ಜನ.

‘ಸಂಗ್ರಹಿಸದಿದ್ದರೆ ಹಳೆಯದು ಉಳಿಯುವುದು ಹೇಗೆ?’ ಎನ್ನುವವರಿದ್ದಾರೆ. ನ್ಯಾಯವಾದ ಮಾತು. 1974ರ ಪುಸ್ತಿಕೆಗಳನ್ನು ಇವತ್ತು ನೋಡಲು ಸಿಗುವುದು ಯಾರೋ ಜೋಪಾನ ಮಾಡಿದ್ದರಿಂದಲೇ. ಆದರೆ ಬೀಜ ಕಾಪಿಡುವುದು ಬಿತ್ತುವುದಕ್ಕೆ. ಬಿತ್ತದೆ ಕಣಜ ತೋರಿಸಿಕೊಂಡು ತಿರುಗುವವರನ್ನು ಯಾರೂ ರೈತ ಅನ್ನುವುದಿಲ್ಲ.

‘ಅಮೆರಿಕದ ಆಟ ನಮಗ್ಯಾಕೆ?’ ಎಂಬುದು ಇನ್ನೊಂದು ತಕರಾರು. ಈಗ ಆ ನಿಯಮಗಳು ನಮ್ಮವೂ ಹೌದು, ಅದಕ್ಕೇ. ಮೂಲದ ಹೆಸರು ನಮೂದಿಸಿದರೆ ಸಾಕು, ಕನ್ನಡಕ್ಕೆ ತರಬಹುದು, ಬದಲಿಸಬಹುದು, ಅಚ್ಚು ಹಾಕಿ ಮಾರಲೂಬಹುದು. ಕಂಪನಿ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದ ಹೊರತಂದಿದೆ. ಕನ್ನಡಕ್ಕೆ ಅದರ ಅಪ್ಪಣೆ ಕಾಯಬೇಕಿಲ್ಲ. ಕದ್ದ ಪಿಡಿಎಫ್ ಹಂಚಿ ಎಂದು ನಾವು ಹೇಳುತ್ತಿಲ್ಲ. ದುಬಾರಿ ಪುಸ್ತಕದ ಚಿತ್ರಗಳೂ ಕಥೆಗಳೂ ಇದರಲ್ಲಿಲ್ಲ, ನಿಜ. ಆಡಲು ಬೇಕಾದ ತಿರುಳಿದೆ, ಅದೂ ಕಾನೂನುಬದ್ಧವಾಗಿ.

ಇಪ್ಪತ್ತು ಮುಖದ ದಾಳ ಸಿಗದಿದ್ದರೆ 1ರಿಂದ 20ರವರೆಗೆ ಚೀಟಿ ಬರೆದು ಚೊಂಬಿಗೆ ಹಾಕಿ. ಒಂದು ತೆಗೆದು, ನೋಡಿ, ಮತ್ತೆ ಒಳಗೆ ಹಾಕಿ. ಲೆಕ್ಕ ಅದೇ. ಕಥೆಗೆ ನಿಮ್ಮೂರ ಕೆರೆ, ಗುಡ್ಡ, ಹಾಳು ಕೋಟೆ ಸಾಲದೇ? ಭಾನುವಾರ ಸಂಜೆ ನಾಲ್ಕು ಜನರನ್ನು ಜಗಲಿಗೆ ಕರೆಯಿರಿ. ಪುಸ್ತಕ ಕೊಳ್ಳುವ ಮಾತು ಆಮೇಲೆ.