ಸ್ಟೆಂಟ್‌ಗೆ ಬೆಲೆ ಮಿತಿ, ಕ್ಯಾನುಲಾಕ್ಕೆ?

ಹೃದಯದ ಕಾಯಿಲೆ ಎಂದರೆ ನಮ್ಮ ಶ್ರೀರಂಗಪಟ್ಟಣದ ಕಡೆಯವರು ಮೈಸೂರಿನ ಜಯದೇವ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ಖರ್ಚಿನ ಮಾತು ಬಂದರೆ ಎಲ್ಲರ ಬಾಯಲ್ಲೂ ಸ್ಟೆಂಟ್. ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟ್‌ಗೆ 2017ರ ಫೆಬ್ರುವರಿಯಲ್ಲಿ ₹29,600ರ ಮಿತಿ ಬಿತ್ತು. ಆದರೆ ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತವನ್ನು ಯಂತ್ರಕ್ಕೆ ಒಯ್ದು ಮರಳಿ ತರುವ ಕ್ಯಾನುಲಾಕ್ಕೆ (ಡ್ರಿಪ್ ಹಾಕುವ ಸಣ್ಣದಲ್ಲ) ಅಂಥ ಮಿತಿಯಿಲ್ಲ. ಎಂಆರ್‌ಪಿ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಬಾರದು, ಅಷ್ಟೇ. ಮೊದಲ ದರ ಕಂಪನಿಯ ಇಷ್ಟ.

ತೊಡೆಯ ರಕ್ತನಾಳದಿಂದ ತೂರಿಸುವ ಸಣ್ಣ ಗಾಯದ ಶಸ್ತ್ರಚಿಕಿತ್ಸೆ, ಕೋವಿಡ್ ಕಾಲದಲ್ಲಿ ಹೆಸರು ಕೇಳಿದ ಎಕ್ಮೊ, ಎರಡಕ್ಕೂ ಇದೇ ಕೊಳವೆ ಬೇಕು. 2020ರಲ್ಲಿ ಕೇಂದ್ರ ₹3,420 ಕೋಟಿಯ ಉತ್ಪಾದನಾ ಪ್ರೋತ್ಸಾಹ ಯೋಜನೆ ತಂದರೂ ವೈದ್ಯಕೀಯ ಉಪಕರಣಗಳ ದೊಡ್ಡ ಪಾಲು ಇನ್ನೂ ಆಮದೇ. ಕೊಳವೆ ಬಾಗಬೇಕು, ಮಡಚಿಕೊಳ್ಳಬಾರದು. ಅದಕ್ಕೇ ಪ್ಲಾಸ್ಟಿಕ್‌ನೊಳಗೆ ತಂತಿಯ ಸುರುಳಿ. ಮೆಕ್ಯಾನಿಕಲ್ ಓದುವ ನಮಗೆ ಸಾಫ್ಟ್‌ವೇರ್ ಸಂದರ್ಶನಕ್ಕಿಂತ ಇದೇ ಹತ್ತಿರದ ಲೆಕ್ಕ.