ಡಮಾಸ್ಕಸ್‌ನಲ್ಲಿ ಇಬ್ಬರು ಯಜಮಾನರ ಜಗಳ

1945ರ ಮೇ 29ರ ಸಂಜೆ ಫ್ರೆಂಚ್ ಸೇನೆ ಡಮಾಸ್ಕಸ್‌ನ ಸಂಸತ್ ಭವನಕ್ಕೆ ನುಗ್ಗಿತು. ಕಾವಲಿಗಿದ್ದ ಸಿರಿಯಾದ ಪೊಲೀಸರು ಹತರಾದರು. ಮರುದಿನವೂ ಊರಿನ ಮೇಲೆ ಫಿರಂಗಿ ಗುಂಡು ಬೀಳುತ್ತಲೇ ಇತ್ತು, ಸತ್ತವರು ನೂರಾರು. ಹಿಟ್ಲರನ ಸೇನೆ ಶರಣಾಗಿ ಆಗಿನ್ನೂ ಮೂರೇ ವಾರ. ನಾಲ್ಕು ವರ್ಷ ಪರರ ಬೂಟಿನಡಿ ನರಳಿದ ದೇಶವೇ ಹೀಗೆ ಮಾಡಿತು. ಅದೇ ಹೊತ್ತಿಗೆ ಸಿರಿಯಾದ ಪ್ರಧಾನಿ ಫಾರಿಸ್ ಅಲ್ ಖೂರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಫ್ರಾನ್ಸ್‌ನ ಪ್ರತಿನಿಧಿಗಳೂ ಕೂತಿದ್ದ ಸಭೆಯಲ್ಲಿ, ವಿಶ್ವಸಂಸ್ಥೆಯ ಸನ್ನದು ರೂಪಿಸುವ ಕೆಲಸದಲ್ಲಿದ್ದರು.

ತುರ್ಕರಿಂದ ಸಿರಿಯಾವನ್ನು ಗೆದ್ದದ್ದು ಫ್ರಾನ್ಸ್ ಏನೂ ಅಲ್ಲ. 1918ರ ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ತುರ್ಕರ ಮೇಲೆ ಕುದುರೆ ನುಗ್ಗಿಸಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರು ರಕ್ತ ಹರಿಸುವುದಕ್ಕೆ ಎರಡು ವರ್ಷ ಮೊದಲೇ ಲಂಡನ್ ಮತ್ತು ಪ್ಯಾರಿಸ್ ಗುಟ್ಟಾಗಿ ಆ ಸೀಮೆಯನ್ನು ಹಂಚಿಕೊಂಡಾಗಿತ್ತು. 1920ರಲ್ಲಿ ‘ಮ್ಯಾಂಡೇಟ್’ (ಆಳ್ವಿಕೆಯ ಹೊಣೆ) ಎಂಬ ಸಭ್ಯ ಹೆಸರಿನಲ್ಲಿ ಸಿರಿಯಾ, ಲೆಬನಾನ್ ಫ್ರಾನ್ಸ್‌ನ ಪಾಲಾದವು.

1941ರಲ್ಲಿ, ಹಿಟ್ಲರನಿಗೆ ಮಣಿದಿದ್ದ ಫ್ರಾನ್ಸ್‌ನ ವಿಶಿ ಸರ್ಕಾರದ ಕೈಯಿಂದ ಇವೆರಡನ್ನೂ ಕಿತ್ತುಕೊಳ್ಳಲು ಬ್ರಿಟಿಷರೊಂದಿಗೆ ಹೊರಟಾಗ, ಮಣಿಯದ ಫ್ರೆಂಚರ ನಾಯಕ ದ ಗಾಲ್ ಪರವಾಗಿ ಜನರಲ್ ಕತ್ರೂ ಸ್ವಾತಂತ್ರ್ಯದ ಘೋಷಣೆ ಹೊರಡಿಸಿದರು. ಜನ ಅದನ್ನು ನಂಬಿದರು. ಯುದ್ಧ ಮುಗಿಯುತ್ತ ಬಂದಾಗ ಷರತ್ತುಗಳು ಒಂದೊಂದಾಗಿ ಹೊರಬಿದ್ದವು: ಸೇನಾ ನೆಲೆಗಳು ಬೇಕು, ಫ್ರೆಂಚ್ ಶಾಲೆಗಳಿಗೆ ವಿಶೇಷ ಹಕ್ಕು ಬೇಕು, ಅಲ್ಲಿಯವರೆಗೆ ಸ್ಥಳೀಯರ ಪಡೆಯನ್ನೂ ಬಿಟ್ಟುಕೊಡೆವು. ಮಾತುಕತೆಗೆ ಮುನ್ನ ಬೈರೂತ್‌ನಲ್ಲಿ ಹೊಸ ಸೈನಿಕರನ್ನೂ ಇಳಿಸಿದರು.

ಮೇ 31ರಂದು ಬ್ರಿಟನ್ ಪ್ರಧಾನಿ ಚರ್ಚಿಲ್ ದ ಗಾಲ್‌ಗೆ ಪತ್ರ ಬರೆದು ಎಚ್ಚರಿಕೆ ಕೊಟ್ಟರು: ನಡುವೆ ಬರಲು ನಮ್ಮ ಸೇನೆಗೆ ಆದೇಶಿಸಿದ್ದೇವೆ, ಘರ್ಷಣೆ ತಪ್ಪಬೇಕಾದರೆ ಗುಂಡು ನಿಲ್ಲಿಸಿ, ನಿಮ್ಮವರು ಬ್ಯಾರಕ್‌ಗೆ ಮರಳಲಿ. ಆ ಪತ್ರ ದ ಗಾಲ್ ಕೈಸೇರುವ ಮೊದಲೇ ವಿದೇಶಾಂಗ ಸಚಿವ ಈಡನ್ ಅದನ್ನು ಲಂಡನ್ನಿನ ಸಂಸತ್ತಿನಲ್ಲಿ ಓದಿಬಿಟ್ಟರು. ಈ ಅವಮಾನವನ್ನು ದ ಗಾಲ್ ಮರೆಯಲಿಲ್ಲ. ಡಮಾಸ್ಕಸ್‌ನ ಹೆಣಗಳಿಗಿಂತ ಓದಿದ ಆ ಪತ್ರವೇ ಅವರನ್ನು ಹೆಚ್ಚು ಕಾಡಿತೇನೋ ಎಂದು ನನಗೆ ಅನ್ನಿಸುವುದುಂಟು.

ಹಾಗೆಂದು ಬ್ರಿಟನ್ನಿಗೆ ಧರ್ಮರಾಯನ ಪಟ್ಟ ಕಟ್ಟಬೇಕಿಲ್ಲ. ಇರಾಕಿನ ತೈಲ, ಈಜಿಪ್ಟಿನ ಕಾಲುವೆ, ಪ್ಯಾಲೆಸ್ತೀನ್ ಎಲ್ಲವೂ ಅದರ ಹಿಡಿತದಲ್ಲೇ ಇದ್ದವು. ಅರಬರ ಸಿಟ್ಟು ತನ್ನತ್ತ ತಿರುಗೀತೆಂಬ ದಿಗಿಲು ಅದಕ್ಕಿತ್ತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುತ್ತಾರಲ್ಲ, ಆ ಲಾಭ ತಾನಾಗಿ ಬರುವುದಿಲ್ಲ. ಸಿರಿಯಾದ ಅಧ್ಯಕ್ಷ ಶುಕ್ರಿ ಅಲ್ ಕುವಾತ್ಲಿ ಅದಕ್ಕೆ ಮೊದಲೇ ಸಿದ್ಧತೆ ಮಾಡಿಕೊಂಡಿದ್ದರು. ಫೆಬ್ರವರಿಯಲ್ಲೇ ಜರ್ಮನಿ, ಜಪಾನುಗಳ ಮೇಲೆ ಯುದ್ಧ ಸಾರಿದ್ದರಿಂದಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರ ದೇಶಕ್ಕೆ ಕುರ್ಚಿ ಸಿಕ್ಕಿತ್ತು. ಒಂದು ಗುಂಡನ್ನೂ ಹಾರಿಸದ ಯುದ್ಧ, ಆದರೆ ಬಹಳ ಲಾಭದ್ದು.

1946ರ ಫೆಬ್ರವರಿಯಲ್ಲಿ ಸಿರಿಯಾ, ಲೆಬನಾನ್ ಇಬ್ಬರು ಯಜಮಾನರ ಮೇಲೂ ಭದ್ರತಾ ಮಂಡಳಿಗೆ ದೂರು ಕೊಟ್ಟವು. ಕಾಪಾಡಲು ಬಂದವನೂ ಮನೆ ಖಾಲಿ ಮಾಡಲಿ ಎಂಬುದು ಅವರ ಪಟ್ಟು. ಅಮೆರಿಕದ ಗೊತ್ತುವಳಿ ತೀರಾ ಮೆದುವಾಯಿತೆಂದು ಸೋವಿಯತ್ ಒಕ್ಕೂಟ ವೀಟೊ ಹಾಕಿತು, ಅದರ ಮೊಟ್ಟಮೊದಲ ವೀಟೊ. ಬಿದ್ದುಹೋದ ಆ ಗೊತ್ತುವಳಿಗೇ ಬದ್ಧರೆಂದು ಬ್ರಿಟನ್, ಫ್ರಾನ್ಸ್ ಎರಡೂ ಹೇಳಿ, ಏಪ್ರಿಲ್ ಹೊತ್ತಿಗೆ ಸಿರಿಯಾದಿಂದಲೂ ವರ್ಷಾಂತ್ಯಕ್ಕೆ ಲೆಬನಾನ್‌ನಿಂದಲೂ ಕಾಲ್ತೆಗೆದವು.

ಹತ್ತು ವರ್ಷದ ನಂತರ ಡಮಾಸ್ಕಸ್‌ನಲ್ಲಿ ಕಚ್ಚಾಡಿದ ಈ ಇಬ್ಬರೂ ಜೊತೆಗೂಡಿ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಬಿದ್ದರು. ಸಿರಿಯಾ ಕೂಡಲೇ ಇಬ್ಬರೊಂದಿಗೂ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಆಗಲೂ ಅಲ್ಲಿ ಅಧ್ಯಕ್ಷರಾಗಿದ್ದವರು ಕುವಾತ್ಲಿಯೇ.